ಸ್ಕೋರ್ ಎಷ್ಟಾಯ್ತು?

(ಸಂಘದ ಬೆಳ್ಳಿಹಬ್ಬದ ಸಮಾರಂಭದಲ್ಲಿ ಊರಿನ ಹಳೆಯ ಕ್ರೀಡಾಭಿಮಾನಿಗಳ ಪರವಾಗಿ ಮಾಡಿದ ಭಾಷಣದ ಬರಹ ರೂಪ)



ಸಂಘದ ಇಪ್ಪತ್ತೈದು ವರ್ಷದ ಲೆಕ್ಕಪತ್ರವನ್ನು ಕಾರ್ಯದರ್ಶಿಗಳು ಈಗಾಗಲೇ ಓದಿದ್ದಾರೆ. ಹಸುಗಳ ಆರೋಗ್ಯ, ಮೇವು, ಹಿಂಡಿ, ಬಟವಾಡೆ, ಬೋನಸ್ಸು ಇವುಗಳ ಬಗ್ಗೆ ತಿಳಿದವರು ಮಾತಾಡಿದ್ದಾರೆ. ನಮಗೆ ಕೊಟ್ಟ ವಿಷಯ "ಊರು ಮತ್ತು ಆಟ". ಹಾಲಿನ ಸಂಘಕ್ಕೂ ಆಟಕ್ಕೂ ಏನಯ್ಯಾ ಸಂಬಂಧ ಅಂತ ಕೆಲವರು ಪಕ್ಕದವರನ್ನು ಕೇಳುತ್ತಿರುವುದು ಇಲ್ಲಿಗೇ ಕೇಳಿಸುತ್ತಿದೆ. ಸಂಬಂಧ ಇದೆ. ಬೆಳಗ್ಗೆ ಆರು ಗಂಟೆಗೂ ಸಂಜೆ ಆರು ಗಂಟೆಗೂ ಪಾತ್ರೆ ಹಿಡಿದು ಸಾಲಿನಲ್ಲಿ ನಿಂತಾಗ, "ನಿಮ್ದು ಫ್ಯಾಟ್ ಎಷ್ಟು ಬಂತು?" ಅನ್ನುವ ಪ್ರಶ್ನೆ ಆದ ಮೇಲೆ ಈ ಊರಿನಲ್ಲಿ ಅತಿ ಹೆಚ್ಚು ಸಲ ಕೇಳಿಬಂದ ಪ್ರಶ್ನೆ ಯಾವುದು? "ಸ್ಕೋರ್ ಎಷ್ಟಾಯ್ತು?" ಅಂತ. ಆ ಪ್ರಶ್ನೆಯ ಬಗ್ಗೆಯೇ ಇವತ್ತು ನಾಲ್ಕು ಮಾತಾಡುತ್ತೇವೆ.

ನಮ್ಮ ಊರು ಈಗ ಹಳ್ಳಿಯೋ ಪೇಟೆಯೋ ಹೇಳುವುದು ಕಷ್ಟ. ರಾಗಿ ಹೊಲ ಇದ್ದ ಕಡೆ ಸೈಟಿನ ಕಲ್ಲುಗಳು ಬಂದವು, ಕಲ್ಲು ಇದ್ದ ಕಡೆ ಮನೆಗಳು ಬಂದವು. ಬೆಂಗಳೂರು ನಮ್ಮ ಬಾಗಿಲಿಗೆ ಬಂದಿದೆ. ಬರುವಾಗ ಒಳ್ಳೆಯದನ್ನೂ ತಂದಿದೆ, ಸಣ್ಣಪುಟ್ಟ ಕಿರಿಕಿರಿಯನ್ನೂ ತಂದಿದೆ. ನೀರಿನ ಟ್ಯಾಂಕರು ಬರುವ ಹೊತ್ತಿಗೇ ಹಾಲಿನ ವ್ಯಾನೂ ಬರುತ್ತದೆ, ಇಬ್ಬರೂ ಹಿಂದಕ್ಕೆ ಹೋಗಲು ಒಪ್ಪುವುದಿಲ್ಲ. ರಸ್ತೆಗೆ ಡಾಂಬರು ಹಾಕಿದ ಮಾರನೇ ವಾರ ಪೈಪು ಹಾಕಲು ಅಗೆಯುತ್ತಾರೆ. ಗೇಟಿನ ಮುಂದೆ ಯಾರದೋ ಕಾರು ನಿಂತಿರುತ್ತದೆ, ಯಾರದು ಅಂತ ಕೇಳಿದರೆ ಯಾರದೂ ಅಲ್ಲ. ರಾತ್ರಿ ನಾಯಿ ಬೊಗಳಿದರೆ ಹಳೇ ಊರಿನವರು ನಿದ್ದೆ ಮಾಡುತ್ತಾರೆ, ಲೇಔಟಿನವರು ಎದ್ದು ಕೂರುತ್ತಾರೆ. ಬೆಳಗ್ಗೆ ಹಸು ಸಗಣಿ ಹಾಕಿದರೆ ಲೇಔಟಿನವರು ಮೂಗು ಮುಚ್ಚಿಕೊಳ್ಳುತ್ತಾರೆ, ಅದೇ ಹಸುವಿನ ಹಾಲು ಬೇಕು ಅಂತ ಸಂಜೆ ಚೊಂಬು ಹಿಡಿದು ಬರುತ್ತಾರೆ. ಇದ್ಯಾವುದೂ ದೊಡ್ಡ ಜಗಳ ಅಲ್ಲ. ಆದರೆ ಇಂಥ ಸಣ್ಣ ಸಣ್ಣ ಮುಳ್ಳುಗಳು ಸೇರಿಯೇ ಒಂದು ಬೇಲಿ ಆಗುತ್ತದೆ ಅನ್ನುವುದು ಬೇಸಾಯ ಮಾಡಿದ ತಮಗೆಲ್ಲ ಗೊತ್ತಿರುವ ವಿಚಾರ.

ಈ ಬೇಲಿಯಲ್ಲಿ ಒಂದು ಸಂದು ಉಳಿದಿದೆ. ಮ್ಯಾಚ್ ನಡೆಯುವ ದಿನ ಹಾಸನದಿಂದ ಬಂದವರು, ಹುಬ್ಬಳ್ಳಿಯಿಂದ ಬಂದವರು, ಕಟ್ಟಡದ ಕೆಲಸಕ್ಕೆ ಬಿಹಾರದಿಂದ ಬಂದ ಹುಡುಗರು, ಮೂರು ತಲೆಮಾರಿನಿಂದ ಇಲ್ಲೇ ಇರುವ ನಾವು, ಎಲ್ಲರೂ ಪರಿಚಯ ಇಲ್ಲದಿದ್ದರೂ ಒಬ್ಬರನ್ನೊಬ್ಬರು ತಡೆದು ಕೇಳಬಹುದಾದ ಪ್ರಶ್ನೆ ಅದೊಂದೇ. "ಸ್ಕೋರ್ ಎಷ್ಟಾಯ್ತು?" ಹೆಸರು ಕೇಳದೆ, ಜಾತಿ ಕೇಳದೆ, ಬಾಡಿಗೆ ಎಷ್ಟು ಅಂತ ಕೇಳದೆ ಮಾತು ಶುರು ಮಾಡಬಹುದಾದ ಪ್ರಶ್ನೆ.

ಈ ಪ್ರಶ್ನೆಗೆ ನಮ್ಮೂರಲ್ಲಿ ಐವತ್ತು ವರ್ಷಕ್ಕೂ ಮೀರಿದ ಇತಿಹಾಸ ಇದೆ. ಆಗ ಊರಿಗೆಲ್ಲ ರೇಡಿಯೋ ಇದ್ದ ಮನೆಗಳನ್ನು ಬೆರಳಲ್ಲಿ ಎಣಿಸಬಹುದಿತ್ತು. ರೇಡಿಯೋ ಇಟ್ಟುಕೊಳ್ಳಲು ಲೈಸೆನ್ಸ್ ಬೇಕು, ಅಂಚೆ ಕಚೇರಿಗೆ ಹೋಗಿ ಹಣ ಕಟ್ಟಬೇಕು. ಬಸ್ಸು ನಿಲ್ಲುವ ಕಡೆ ಇದ್ದ ಟೀ ಅಂಗಡಿಯಲ್ಲಿ ಒಂದು ಟ್ರಾನ್ಸಿಸ್ಟರ್ ಇತ್ತು. ಅದಕ್ಕೆ ಚರ್ಮದ ಅಂಗಿ ತೊಡಿಸಿದ್ದರು. ಟೆಸ್ಟ್ ಪಂದ್ಯದ ದಿನ ಬಾಗಿಲ ಪಕ್ಕದ ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಸ್ಕೋರ್ ಬರೆಯುತ್ತಿದ್ದರು. ಕಾಮೆಂಟರಿ ಇಂಗ್ಲಿಷಿನಲ್ಲಿ, ಇಲ್ಲವೇ ಹಿಂದಿಯಲ್ಲಿ. ನಮಗೆ ಎರಡೂ ಅಷ್ಟಕ್ಕಷ್ಟೇ. ಹೈಸ್ಕೂಲಿಗೆ ಹೋಗುತ್ತಿದ್ದ ಒಬ್ಬರು ಕಿವಿ ಹಚ್ಚಿ ಕೇಳಿ, ಉಳಿದವರಿಗೆ ಕನ್ನಡದಲ್ಲಿ ಹೇಳೋರು. ಹೇಳುವಾಗ ಸ್ವಲ್ಪ ಉಪ್ಪುಖಾರ ಸೇರಿಸೋರು. ಒಂದು ರನ್ನು ಓಡಿದ್ದಕ್ಕೆ ಅವರ ವಿವರಣೆ ಕೇಳಿದರೆ ಯುದ್ಧಭೂಮಿಯಲ್ಲಿ ಇದ್ದ ಹಾಗೆ ಆಗೋದು. ಜನರ ಗದ್ದಲ ರೇಡಿಯೋದಲ್ಲಿ ಜೋರಾಗಿ ಕೇಳಿದರೆ ಸಾಕು, ಔಟೋ ಬೌಂಡರಿಯೋ ತಿಳಿಯುವ ಮೊದಲೇ ನಮ್ಮೆಲ್ಲರ ಎದೆ ನಿಲ್ಲೋದು.

ಹೀಗೆ ಕೇಳಿದ್ದರಲ್ಲಿ ಮರೆಯಲಾಗದ್ದು 1974ರ ಮಾರ್ಚ್ ತಿಂಗಳು. ಅದರ ಹಿಂದಿನ ನವೆಂಬರ್ ಒಂದನೇ ತಾರೀಖು ನಮ್ಮ ರಾಜ್ಯಕ್ಕೆ ಮೈಸೂರು ಹೋಗಿ ಕರ್ನಾಟಕ ಎಂದು ಹೆಸರಾಗಿತ್ತು. ಆ ಹೆಸರಿನಲ್ಲಿ ಆಡಿದ ಮೊದಲ ಸಲವೇ ನಮ್ಮವರು ರಣಜಿ ಸೆಮಿಫೈನಲ್ ತಲುಪಿದರು. ಎದುರಿಗೆ ಬೊಂಬಾಯಿ. ಬೊಂಬಾಯಿ ಅಂದರೆ 1958-59ರಿಂದ ಹದಿನೈದು ವರ್ಷ ಒಂದೇ ಸಮನೆ ಕಪ್ ಗೆದ್ದ ತಂಡ, ಗಾವಸ್ಕರ್ ಮತ್ತು ವಾಡೇಕರ್ ಇದ್ದ ತಂಡ. ಆಟ ಬೆಂಗಳೂರಿನಲ್ಲಿ. ನಮ್ಮ ವಿಶ್ವನಾಥ್ 162 ಹೊಡೆದರು, ಬ್ರಿಜೇಶ್ ಪಟೇಲ್ 106 ಹೊಡೆದರು. ಗಾವಸ್ಕರ್ ಅವರನ್ನು ಪ್ರಸನ್ನ ಬೌಲ್ಡ್ ಮಾಡಿದರು. ಚೆನ್ನಾಗಿ ಆಡುತ್ತಿದ್ದ ವಾಡೇಕರ್ ರನ್ ಔಟ್ ಆದರು. ಮೊದಲ ಇನ್ನಿಂಗ್ಸ್ ಮುನ್ನಡೆಯಲ್ಲಿ ಕರ್ನಾಟಕ ಗೆದ್ದಿತು. ಆಮೇಲೆ ಜೈಪುರದಲ್ಲಿ ರಾಜಸ್ಥಾನವನ್ನು ಸೋಲಿಸಿ, ಪ್ರಸನ್ನ ಅವರ ನಾಯಕತ್ವದಲ್ಲಿ ರಣಜಿ ಟ್ರೋಫಿ ಮೊದಲ ಸಲ ನಮ್ಮ ರಾಜ್ಯಕ್ಕೆ ಬಂತು.

ಈ ಬೊಂಬಾಯಿ ಪಂದ್ಯದ ಬಗ್ಗೆ ಒಂದು ಮಾತು. ಆವತ್ತು ನಾನೂ ಅಲ್ಲೇ ಕೂತು ನೋಡಿದ್ದೆ ಅನ್ನುವವರು ಈಗ ವರ್ಷದಿಂದ ವರ್ಷಕ್ಕೆ ಹೆಚ್ಚಾಗುತ್ತಿದ್ದಾರೆ. ಅವರನ್ನೆಲ್ಲ ಸೇರಿಸಿದರೆ ಆ ಮೈದಾನ ಕಬ್ಬನ್ ಪಾರ್ಕನ್ನು ದಾಟಿ ವಿಧಾನಸೌಧದವರೆಗೆ ಇರಬೇಕಾಗಿತ್ತು! ಇರಲಿ, ನಗಬೇಡಿ. ಸಂತೋಷದ ಹತ್ತಿರ ಇರಬೇಕು ಅನ್ನುವ ಆಸೆ ಎಲ್ಲರಿಗೂ ಇರುತ್ತದೆ. ನಾವಂತೂ ಟೀ ಅಂಗಡಿಯ ಮುಂದೆ ಇದ್ದೆವು, ಅದನ್ನು ಪ್ರಮಾಣ ಮಾಡಿ ಹೇಳುತ್ತೇವೆ.

ಆ ಕಾಲದ ಆಟಗಾರರು ನಮಗೆ ದೇವರುಗಳೇನೂ ಆಗಿರಲಿಲ್ಲ, ನೆಂಟರ ಹಾಗೆ ಇದ್ದರು. ವಿಶ್ವನಾಥ್ ಭದ್ರಾವತಿಯವರು, ಚಂದ್ರಶೇಖರ್ ಮೈಸೂರಿನಲ್ಲಿ ಹುಟ್ಟಿದವರು. ಭದ್ರಾವತಿಯಲ್ಲಿ ನಮಗೆ ನೆಂಟರಿದ್ದಾರೆ ಅನ್ನುವವರಿಗೆ ಅಂಗಡಿಯಲ್ಲಿ ಬೆಂಚಿನ ಮೇಲೆ ಜಾಗ ಸಿಗುತ್ತಿತ್ತು. ವಿಶ್ವನಾಥ್ ಅವರು 1969ರಲ್ಲಿ ಕಾನ್ಪುರದಲ್ಲಿ ಆಸ್ಟ್ರೇಲಿಯಾ ವಿರುದ್ಧ ತಮ್ಮ ಮೊದಲ ಟೆಸ್ಟ್ ಆಡಿದಾಗ ಮೊದಲ ಇನ್ನಿಂಗ್ಸಿನಲ್ಲಿ ಸೊನ್ನೆ, ಎರಡನೆಯದರಲ್ಲಿ 137. ಪರೀಕ್ಷೆಯಲ್ಲಿ ಫೇಲಾದ ಹುಡುಗರಿಗೆಲ್ಲ ಊರಿನಲ್ಲಿ ಇದೇ ಉದಾಹರಣೆ ಹೇಳಿ ಮತ್ತೆ ಕೂರಿಸುತ್ತಿದ್ದರು. ಚಂದ್ರಶೇಖರ್ ಅವರಿಗೆ ಚಿಕ್ಕಂದಿನಲ್ಲಿ ಪೋಲಿಯೋ ಆಗಿ ಬಲಗೈ ಸೊರಗಿತ್ತು. ಅದೇ ಕೈಯಿಂದ 1971ರಲ್ಲಿ ಲಂಡನ್ನಿನ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತು ಇಂಗ್ಲೆಂಡನ್ನು 101ಕ್ಕೆ ಮುಗಿಸಿದರು. ಮಾರನೇ ದಿನ ಭಾರತ ಗೆದ್ದಿತು. ಆವತ್ತು ಗಣೇಶ ಚತುರ್ಥಿ. ನಮ್ಮ ಅಭಿಮಾನಿಗಳು ಲಂಡನ್ ಹತ್ತಿರದ ಮೃಗಾಲಯದಿಂದ ಬೆಲ್ಲಾ ಅನ್ನುವ ಆನೆಯನ್ನೇ ಮೈದಾನಕ್ಕೆ ಕರೆಸಿದ್ದರಂತೆ. ಈ ಆನೆಯ ಕಥೆಯನ್ನು ಊರಿನಲ್ಲಿ ಗಣೇಶನ ಪೆಂಡಾಲಿನ ಕೆಳಗೆ ಎಷ್ಟು ವರ್ಷ ಹೇಳಿದ್ದೇವೋ ಲೆಕ್ಕವಿಲ್ಲ. ಚಂದ್ರ ಅವರು ಟೆಸ್ಟಿನಲ್ಲಿ ತೆಗೆದ ವಿಕೆಟ್ಟು 242, ಹೊಡೆದ ರನ್ನು 167. ರನ್ನಿಗಿಂತ ವಿಕೆಟ್ಟೇ ಜಾಸ್ತಿ! ಒಂದು ಕೆಲಸವನ್ನು ಚೆನ್ನಾಗಿ ಕಲಿತವನಿಗೆ ಊಟಕ್ಕೆ ಕಡಿಮೆಯಿಲ್ಲ ಅಂತ ನಮ್ಮ ತಂದೆಯವರ ಕಾಲದವರು ಇದನ್ನು ವಿವರಿಸುತ್ತಿದ್ದರು.

ನಮ್ಮ ಆಟವೂ ಇತ್ತು. ತೆಂಗಿನ ಮಟ್ಟೆ ಬ್ಯಾಟು. ಸೈಕಲ್ ಟ್ಯೂಬಿನ ಉಂಗುರಗಳನ್ನು ಒಂದರ ಮೇಲೊಂದು ಹಾಕಿ ಕಟ್ಟಿದ ಚೆಂಡು. ಸುಗ್ಗಿ ಮುಗಿದ ಮೇಲೆ ಕಣದಲ್ಲಿ ಕಬಡ್ಡಿ, ಶಾಲೆಯ ಅಂಗಳದಲ್ಲಿ ವಾಲಿಬಾಲ್. ಚೆಂಡು ಬೇಲಿ ದಾಟಿ ಹೋದರೆ ಎರಡು ರನ್ನು ಮಾತ್ರ, ಬಾವಿಗೆ ಬಿದ್ದರೆ ಔಟು, ಇಳಿದು ತರುವವನೂ ಹೊಡೆದವನೇ.

ಆಮೇಲೆ ಟೀವಿ ಬಂತು. 1983ರ ಜೂನ್ 25, ಶನಿವಾರ. ಲಾರ್ಡ್ಸ್ ಮೈದಾನದಲ್ಲಿ ನಮ್ಮವರು 183ಕ್ಕೆ ಆಲೌಟ್ ಆದಾಗ ಅರ್ಧ ಜನ ಎದ್ದು ಮನೆಗೆ ಹೋದರು. ಹೋದವರು ಇವತ್ತಿಗೂ ಪೇಚಾಡುತ್ತಾರೆ. ವೆಸ್ಟ್ ಇಂಡೀಸ್ 140ಕ್ಕೆ ಮುಗಿಯಿತು, ನಾವು 43 ರನ್ನಿಂದ ಗೆದ್ದೆವು. ಆ ವಿಶ್ವಕಪ್ಪಿನಲ್ಲಿ ಎಲ್ಲರಿಗಿಂತ ಹೆಚ್ಚು, 18 ವಿಕೆಟ್ ತೆಗೆದವರು ನಮ್ಮ ರೋಜರ್ ಬಿನ್ನಿ. ಅದಕ್ಕೆ ಒಂದು ವಾರ ಮೊದಲು ಜಿಂಬಾಬ್ವೆ ಎದುರು 17 ರನ್ನಿಗೆ 5 ವಿಕೆಟ್ ಹೋದಾಗ ಕಪಿಲ್ ದೇವ್ 175 ಹೊಡೆದರಲ್ಲ, ಕೊನೆಯಲ್ಲಿ ಅವರ ಜೊತೆ ನಿಂತು ಒಂಬತ್ತನೇ ವಿಕೆಟ್ಟಿಗೆ 126 ರನ್ನು ಸೇರಿಸಿದವರು ಕರ್ನಾಟಕಕ್ಕೆ ಆಡುತ್ತಿದ್ದ ಕಿರ್ಮಾನಿ. ಅವರು ಹೊಡೆದದ್ದು 24 ಅಷ್ಟೇ. ಜೊತೆಗೆ ನಿಂತವನ ಹೆಸರು ಯಾರೂ ಬೇಗ ಹೇಳುವುದಿಲ್ಲ. ನಿಲ್ಲದೇ ಹೋಗಿದ್ದರೆ ಕಥೆಯೇ ಇರುತ್ತಿರಲಿಲ್ಲ.

ಟೀವಿ ಬಂದ ಕಾಲದ ಕಿರಿಕಿರಿಯೇ ಬೇರೆ. ಒಬ್ಬರು ಮಾಳಿಗೆ ಮೇಲೆ ಆಂಟೆನಾ ಹಿಡಿದು ನಿಂತಿರೋರು. "ಬಂತಾ?" "ಇಲ್ಲ, ಇನ್ನೂ ಸ್ವಲ್ಪ ತಿರುಗಿಸಣ್ಣ." "ಈಗ?" "ಬಂತು ಬಂತು... ಅಯ್ಯೋ ಹೋಯ್ತು." ಆಂಟೆನಾ ಹಿಡಿದವರಿಗೆ ಆಟ ನೋಡುವ ಭಾಗ್ಯ ಇಲ್ಲ. ಕೆಳಗಿನಿಂದ ಕೂಗಿ ಹೇಳಿದ್ದನ್ನೇ ಕೇಳಿ ತೃಪ್ತಿ ಪಡಬೇಕು. ಸಚಿನ್ ಆಡುತ್ತಿರುವಾಗ ಯಾರಾದರೂ ಜಾಗ ಬಿಟ್ಟು ಎದ್ದರೆ ಮುಗಿಯಿತು, ಔಟಾದರೆ ಆ ಪಾಪ ಎದ್ದವರ ತಲೆಗೆ.

1996ರ ಮಾರ್ಚ್ 9ನ್ನು ಈ ಊರಿನ ನಲವತ್ತು ದಾಟಿದವರು ಯಾರೂ ಮರೆತಿಲ್ಲ. ಬೆಂಗಳೂರಿನಲ್ಲಿ ಭಾರತ ಮತ್ತು ಪಾಕಿಸ್ತಾನದ ವಿಶ್ವಕಪ್ ಕ್ವಾರ್ಟರ್ ಫೈನಲ್. ಕರೆಂಟ್ ನಂಬಿ ಕೂರುವ ಕಾಲ ಅಲ್ಲ. ಟ್ರ್ಯಾಕ್ಟರಿನ ಬ್ಯಾಟರಿ ಬಿಚ್ಚಿ ತಂದು ಸಣ್ಣ ಕಪ್ಪುಬಿಳುಪು ಟೀವಿಗೆ ಕೊಟ್ಟೆವು. ಟೀವಿ ಒಬ್ಬರದು, ಬ್ಯಾಟರಿ ಒಬ್ಬರದು, ವೈರು ಒಬ್ಬರದು, ಜಗಲಿ ಇನ್ನೊಬ್ಬರದು. ಅಮೀರ್ ಸೊಹೈಲ್ ಬೌಂಡರಿ ಹೊಡೆದು, ಮತ್ತೆ ಅಲ್ಲಿಗೇ ಹೊಡೀತೀನಿ ಅಂತ ಬ್ಯಾಟು ತೋರಿಸಿದ. ಮುಂದಿನ ಎಸೆತಕ್ಕೆ ನಮ್ಮ ವೆಂಕಟೇಶ್ ಪ್ರಸಾದ್ ಅವನ ವಿಕೆಟ್ ಕಿತ್ತರು. ಆ ಕೂಗಿಗೆ ಕೊಟ್ಟಿಗೆಯಲ್ಲಿ ಹಸುಗಳು ಎದ್ದು ನಿಂತವು. ಅದೇ ವರ್ಷ ಅಕ್ಟೋಬರ್ 21ರಂದು ಅದೇ ಮೈದಾನದಲ್ಲಿ ಆಸ್ಟ್ರೇಲಿಯಾ ಎದುರು ಎಂಟು ವಿಕೆಟ್ ಹೋಗಿ ಎಲ್ಲ ಮುಗಿಯಿತು ಅಂದಾಗ ಕುಂಬ್ಳೆ ಮತ್ತು ಶ್ರೀನಾಥ್ ಸೇರಿ 52 ರನ್ನು ಹೊಡೆದು ಗೆಲ್ಲಿಸಿದರು. ಇಬ್ಬರೂ ನಮ್ಮವರೇ. 1999ರಲ್ಲಿ ದೆಹಲಿಯಲ್ಲಿ ಕುಂಬ್ಳೆ ಪಾಕಿಸ್ತಾನದ ಹತ್ತೂ ವಿಕೆಟ್ ತೆಗೆದರು. ಒಂಬತ್ತು ಆದ ಮೇಲೆ ಶ್ರೀನಾಥ್ ತಮಗೆ ವಿಕೆಟ್ ಬೀಳದ ಹಾಗೆ ಸ್ಟಂಪಿನಿಂದ ದೂರ ದೂರ ಎಸೆದರು. ಗೆಳೆಯನ ಹತ್ತನೆಯದಕ್ಕಾಗಿ ತನ್ನದೊಂದನ್ನು ಬಿಟ್ಟುಕೊಟ್ಟದ್ದು, ಸಹಕಾರ ಅಂದರೆ ಇನ್ನೇನು ಸ್ವಾಮಿ?

ಆಮೇಲೆ ಸಂಘ ಹುಟ್ಟಿತು. ಮೊದಲ ದಿನಗಳಲ್ಲಿ ಡೈರಿಯ ಮುಂದಿನ ಕಟ್ಟೆಯೇ ನಮ್ಮ ಪೆವಿಲಿಯನ್. 2001ರ ಮಾರ್ಚಿನಲ್ಲಿ ಕೋಲ್ಕತ್ತದಲ್ಲಿ ಫಾಲೋ ಆನ್ ಆದ ಮೇಲೆ ಲಕ್ಷ್ಮಣ್ ಮತ್ತು ನಮ್ಮ ದ್ರಾವಿಡ್ ಒಂದಿಡೀ ದಿನ ಔಟಾಗದೆ ನಿಂತರು. ಲಕ್ಷ್ಮಣ್ 281, ದ್ರಾವಿಡ್ 180. ಬೆಳಗ್ಗೆ ಹಾಲು ಹಾಕುವಾಗ ಇಬ್ಬರೂ ಇದ್ದರು, ಸಂಜೆ ಹಾಲು ಹಾಕುವಾಗಲೂ ಇಬ್ಬರೂ ಇದ್ದರು. ಕರೆಯುವ ಹಸು ಒಂದು ದಿನ ಒದೆಯಬಹುದು, ದ್ರಾವಿಡ್ ಮಾತ್ರ ಒದೆಯುವುದಿಲ್ಲ ಅಂತ ಒಬ್ಬ ಅಜ್ಜಿ ಸಾಲಿನಲ್ಲೇ ಹೇಳಿದ್ದರು.

ಈಗ ಹೇಗಿದೆ? ಕೈಕೈಯಲ್ಲಿ ಫೋನು. ಯಾರನ್ನೂ ಸ್ಕೋರ್ ಕೇಳಬೇಕಾಗಿಲ್ಲ. ಅಪ್ಪ ಹಜಾರದಲ್ಲಿ ಒಂದು ಪರದೆ, ಮಗ ಕೋಣೆಯಲ್ಲಿ ಒಂದು ಪರದೆ, ಅಮ್ಮ ಅಡುಗೆಮನೆಯಲ್ಲಿ ಇನ್ನೊಂದು. ಮೂರೂ ಪರದೆಯಲ್ಲಿ ಅದೇ ಮ್ಯಾಚು, ಆದರೆ ಒಂದೇ ಹೊತ್ತಿನಲ್ಲಿ ಅಲ್ಲ! ಫೋನಿಗೆ ಇಂಟರ್ನೆಟ್ಟಿನಲ್ಲಿ ಬರುವ ಚಿತ್ರ ತುಂಡು ತುಂಡಾಗಿ ಬಂದು ಕೂಡಿಕೊಂಡು ಆಮೇಲೆ ಕಾಣಿಸುತ್ತದೆ. ಹಾಗಾಗಿ ಡಿಷ್ ಟೀವಿಗಿಂತ ಎಷ್ಟೋ ಸೆಕೆಂಡು ಹಿಂದೆ ಇರುತ್ತದೆ. ನಮ್ಮ ಪರದೆಯಲ್ಲಿ ಬೌಲರ್ ಇನ್ನೂ ಓಡಿ ಬರುತ್ತಿರುತ್ತಾನೆ, ಪಕ್ಕದ ಮನೆಯಿಂದ "ಹೋ..." ಅಂತ ಕೂಗು ಬರುತ್ತದೆ. ಸಿಕ್ಸರ್ ಅಂತ ಗೊತ್ತಾಗಿ ಹೋಯಿತು, ಇನ್ನು ನೋಡುವುದೇನು? ಹಿಂದೆ ಪಕ್ಕದ ಮನೆಯವರು ಕೂಗಿದರೆ ನಾವೂ ಸೇರಿ ಕೂಗುತ್ತಿದ್ದೆವು. ಈಗ ಕಿಟಕಿ ಹಾಕಿಕೊಳ್ಳುತ್ತೇವೆ. ಈ ಕಾಲದ ಕಿರಿಕಿರಿಗಳಲ್ಲೆಲ್ಲ ಇದು ತೀರಾ ಸಣ್ಣದು, ಆದರೂ ಇದರಲ್ಲಿ ಒಂದು ದುಃಖ ಇದೆ. ಪಕ್ಕದವರ ಸಂತೋಷ ನಮಗೆ ತೊಂದರೆಯಾಗಿ ಕೇಳಿಸುವ ಕಾಲ ಬಂತಲ್ಲ!

ಹಳೆಯದೆಲ್ಲ ಚಿನ್ನ ಅಂತ ಹೇಳಲು ನಾವು ಇಲ್ಲಿ ನಿಂತಿಲ್ಲ. ಆ ಟೀ ಅಂಗಡಿಯ ಬೆಂಚಿನ ಮೇಲೆ ಎಲ್ಲರಿಗೂ ಜಾಗ ಇರಲಿಲ್ಲ. ಕೆಲವರು ದೂರ ನಿಂತೇ ಕೇಳಬೇಕಿತ್ತು, ಯಾಕೆ ಅಂತ ತಮಗೆ ಗೊತ್ತು. ಟೀವಿ ಇದ್ದ ಮನೆಯಲ್ಲಿ ಕೆಲವರು ಹಜಾರದ ಒಳಗೆ, ಕೆಲವರು ಕಿಟಕಿಯ ಹೊರಗೆ. ಹೆಂಗಸರು ಕಾಫಿ ಮಾಡಿ ಕೊಟ್ಟು ಬಾಗಿಲ ಸಂದಿಯಿಂದ ನೋಡಬೇಕಿತ್ತು. ಹೆಣ್ಣುಮಕ್ಕಳು ಬ್ಯಾಟು ಹಿಡಿದರೆ ನಗುತ್ತಿದ್ದರು. ಅದೂ ನಮ್ಮದೇ ರಾಜ್ಯದ ಶಾಂತಾ ರಂಗಸ್ವಾಮಿ ಅವರು 1976ರಲ್ಲೇ ಭಾರತದ ಮಹಿಳಾ ತಂಡದ ನಾಯಕಿಯಾಗಿ ಟೆಸ್ಟ್ ಆಡಿಸಿದ್ದಾಗ! ಆ ಸುದ್ದಿ ನಮ್ಮ ಅಂಗಡಿಯ ಹಲಗೆಯ ಮೇಲೆ ಬರಲಿಲ್ಲ. 2025ರ ನವೆಂಬರ್ 2ರಂದು ನಮ್ಮ ಹೆಣ್ಣುಮಕ್ಕಳು ದಕ್ಷಿಣ ಆಫ್ರಿಕಾವನ್ನು 52 ರನ್ನಿಂದ ಸೋಲಿಸಿ ವಿಶ್ವಕಪ್ ಗೆದ್ದಾಗ ಊರಿನ ಅಜ್ಜಿಯರು ಮಧ್ಯರಾತ್ರಿಯವರೆಗೆ ಎದ್ದಿದ್ದರು. ಆದ್ದರಿಂದ ಹಳೆಯದರಲ್ಲಿ ಇಟ್ಟುಕೊಳ್ಳಬೇಕಾದದ್ದು ಒಂದೇ, ಒಟ್ಟಿಗೆ ಕೂರುವುದು. ಬಿಡಬೇಕಾದದ್ದು, ಕೂರುವಾಗ ಯಾರನ್ನು ಎಲ್ಲಿ ಕೂರಿಸುತ್ತಿದ್ದೆವು ಅನ್ನುವುದು. ನಮ್ಮ ಸಂಘದ ಕ್ಯಾನಿಗೆ ಯಾರ ಮನೆ ಹಾಲು ಅಂತ ಗೊತ್ತಾಗುವುದಿಲ್ಲ. ಜಗಲಿಯೂ ಹಾಗೇ ಆಗಬೇಕು.

ಕ್ಯಾನಿನ ಮಾತು ಬಂತು, ಒಂದು ಸಂತೋಷದ ಸುದ್ದಿ ಹೇಳಿಬಿಡುತ್ತೇವೆ. 2024ರ ಟಿ-20 ವಿಶ್ವಕಪ್ಪಿನಲ್ಲಿ ಸ್ಕಾಟ್ಲೆಂಡ್ ಮತ್ತು ಐರ್ಲೆಂಡ್ ತಂಡಗಳಿಗೆ ಪ್ರಾಯೋಜಕರು ಯಾರು? ನಮ್ಮ ನಂದಿನಿ! ಬೆಳಗ್ಗೆ ಚಳಿಯಲ್ಲಿ ಎದ್ದು ನಾವು ಕರೆದು ಹಾಕಿದ ಹಾಲಿನ ಹೆಸರು ಅಷ್ಟು ದೂರದ ಹುಡುಗರ ಅಂಗಿಯ ಮೇಲೆ. ಆ ವರ್ಷ ಜೂನ್ 5ರಂದು ನ್ಯೂಯಾರ್ಕಿನಲ್ಲಿ ಭಾರತ ಆಡಿದ್ದೇ ಐರ್ಲೆಂಡ್ ಮೇಲೆ. ಯಾರಿಗೆ ಚಪ್ಪಾಳೆ ಹೊಡೆಯೋದು ಅಂತ ಡೈರಿಯಲ್ಲಿ ದೊಡ್ಡ ಚರ್ಚೆ. ಐರ್ಲೆಂಡ್ 96ಕ್ಕೆ ಆಲೌಟ್ ಆಯಿತು, ಭಾರತ ಎಂಟು ವಿಕೆಟ್ಟಿನಿಂದ ಗೆದ್ದಿತು. "ಗೆದ್ದರೂ ನಮ್ಮದೇ, ಸೋತರೂ ನಮ್ಮದೇ ಹಾಲು" ಅಂತ ತೀರ್ಮಾನ ಆಯಿತು.

ಇನ್ನು ನಗುವ ಮಾತಲ್ಲದ ಒಂದು ವಿಷಯ. "ಈ ಸಲ ಕಪ್ ನಮ್ದೇ" ಅಂತ ನಮ್ಮ ಮಕ್ಕಳು 2008ರ ನಂತರ ಎಷ್ಟು ವರ್ಷ ಕೂಗಿದರು! ರಾಯಲ್ ಚಾಲೆಂಜರ್ಸ್ 2009, 2011, 2016 ಮೂರು ಸಲ ಫೈನಲ್ಲಿಗೆ ಹೋಗಿ ಸೋತಿತು. 2017ರಲ್ಲಿ ಒಮ್ಮೆ 49ಕ್ಕೆ ಆಲೌಟ್ ಆಯಿತು. ಆದರೂ ಅಭಿಮಾನ ಕಡಿಮೆಯಾಗಲಿಲ್ಲ. ಮಳೆ ಬರದ ವರ್ಷವೂ ಬಿತ್ತನೆಗೆ ಹೊರಡುವ ರೈತನ ಹಾಗೆ ಪ್ರತಿ ವರ್ಷ ಕೆಂಪು ಅಂಗಿ ಹಾಕಿಕೊಂಡು ಕೂತರು. 2024ರಲ್ಲಿ ಹೆಣ್ಣುಮಕ್ಕಳ ತಂಡ ಮೊದಲು ಕಪ್ ತಂದಿತು. 2025ರ ಜೂನ್ 3ರಂದು ಅಹಮದಾಬಾದಿನಲ್ಲಿ ಗಂಡುಮಕ್ಕಳ ತಂಡ ಪಂಜಾಬ್ ಮೇಲೆ 6 ರನ್ನಿಂದ ಗೆದ್ದಿತು. ಹದಿನೆಂಟು ವರ್ಷದ ಕಾಯುವಿಕೆ. ಮಾರನೇ ದಿನ, ಜೂನ್ 4ರಂದು, ಬೆಂಗಳೂರಿನ ಚಿನ್ನಸ್ವಾಮಿ ಸ್ಟೇಡಿಯಂ ಬಳಿ ಸಂತೋಷ ಪಡಲು ಸೇರಿದ ಜನಸಂದಣಿಯಲ್ಲಿ ಕಾಲ್ತುಳಿತವಾಗಿ ಹನ್ನೊಂದು ಜನ ತೀರಿಕೊಂಡರು.

ಆ ದಿನ ಈ ಊರಿನಿಂದಲೂ ಹುಡುಗರು ಬಸ್ಸು ಹತ್ತಿ ಹೋಗಿದ್ದರು. ಸಂಜೆ ಸುದ್ದಿ ಬಂದಾಗ ಮನೆ ಮನೆಯಲ್ಲೂ ಫೋನು ಹಿಡಿದು, ಉತ್ತರ ಬರದೆ, ತಾಯಂದಿರು ಬೀದಿಗೆ ಬಂದು ನಿಂತರು. ನಮ್ಮವರೆಲ್ಲ ರಾತ್ರಿ ಕ್ಷೇಮವಾಗಿ ಬಂದರು. ಹನ್ನೊಂದು ಮನೆಗಳಿಗೆ ಬರಲಿಲ್ಲ. ತಪ್ಪು ಯಾರದು ಅನ್ನುವುದು ಈ ವೇದಿಕೆಯ ವಿಷಯ ಅಲ್ಲ. ಆದರೆ ಒಂದು ಪ್ರಶ್ನೆ ನಮ್ಮನ್ನು ಬಿಟ್ಟಿಲ್ಲ. ಆ ಹುಡುಗರು ಹೋದದ್ದು ಯಾಕೆ? ಕಪ್ಪನ್ನು ಅವರು ಹಿಂದಿನ ರಾತ್ರಿಯೇ ಫೋನಿನಲ್ಲಿ ನೋಡಿದ್ದರು. ಸಂತೋಷವನ್ನು ಒಬ್ಬರೇ ಇಟ್ಟುಕೊಳ್ಳಲು ಆಗದೆ ಹೋದರು. ಜೊತೆಗೆ ಕೂಗಲು ಜನ ಬೇಕಾಗಿತ್ತು. ಅಂಥ ಜಾಗ, ಹೆಸರು ಹಿಡಿದು ಕರೆಯುವ ಜನ, ನೂಕುನುಗ್ಗಲು ಇಲ್ಲದ ಒಂದು ಕಟ್ಟೆ ಊರಿನಲ್ಲೇ ಇದ್ದಿದ್ದರೆ, ನಮ್ಮವರಲ್ಲಿ ಒಂದಿಬ್ಬರಾದರೂ ಇಲ್ಲೇ ಉಳಿಯುತ್ತಿದ್ದರೇನೋ.

ಹಾಗಾಗಿ ಈ ಬೆಳ್ಳಿಹಬ್ಬದ ಸಂದರ್ಭದಲ್ಲಿ ಸಂಘದ ಮುಂದೆ ಮೂರು ಬೇಡಿಕೆ ಇಡುತ್ತೇವೆ. ಮುಂದಿನ ಸರ್ವಸದಸ್ಯರ ಸಭೆಯಲ್ಲಿ ಚರ್ಚೆಗೆ ಬರಲಿ.

ಮೊದಲನೆಯದು, ಡೈರಿಯ ಹಿಂದಿರುವ ಖಾಲಿ ಜಾಗ. ಕಣಗಳು ಹೋದವು, ಹುಣಸೇಮರದ ಬಯಲು ಹೋಯಿತು, ಊರಿನಲ್ಲಿ ಮಕ್ಕಳು ಓಡಲು ಉಳಿದಿರುವುದು ಅದೊಂದೇ. ಅಲ್ಲಿ ಮಳಿಗೆ ಕಟ್ಟಿ ಬಾಡಿಗೆಗೆ ಕೊಟ್ಟರೆ ಸಂಘಕ್ಕೆ ಆದಾಯ ಅನ್ನುವ ಮಾತು ಎದ್ದಿದೆ. ಆದಾಯ ಬೇಡ ಅನ್ನುವಷ್ಟು ಶ್ರೀಮಂತರು ನಾವಲ್ಲ. ಊರಲ್ಲಿ ಹಸುಗಳೂ ಕಡಿಮೆಯಾಗುತ್ತಿರುವಾಗ ನಿರ್ದೇಶಕರ ಚಿಂತೆ ನಮಗೂ ಅರ್ಥವಾಗುತ್ತದೆ. ಆದರೆ ಮಳಿಗೆಯನ್ನು ರಸ್ತೆಯ ಕಡೆ ಕಟ್ಟಲು ಜಾಗ ಇದೆ. ಬಯಲು ಒಮ್ಮೆ ಹೋದರೆ ಯಾವ ಬಾಡಿಗೆಯಿಂದಲೂ ವಾಪಸ್ ಬರುವುದಿಲ್ಲ. ಸಂಜೆ ನಾಲ್ಕರಿಂದ ಆರೂವರೆವರೆಗೆ ಅದು ಮಕ್ಕಳದು, ಗಂಡುಮಕ್ಕಳಷ್ಟೇ ಹೆಣ್ಣುಮಕ್ಕಳದೂ ಅಂತ ಠರಾವು ಆಗಲಿ.

ಎರಡನೆಯದು, ಗಾಜಿನ ಡಬ್ಬಿ. ಮಕ್ಕಳು ಆಡಿದರೆ ಚೆಂಡು ಕಾಂಪೌಂಡಿನೊಳಗೆ ಹೋಗುತ್ತದೆ, ಕಿಟಕಿಗೆ ತಾಗುತ್ತದೆ. ಮನೆಯವರು ಚೆಂಡು ಕೊಡುವುದಿಲ್ಲ, ಮಕ್ಕಳು ಬೆಲ್ಲು ಒತ್ತಿ ಓಡುತ್ತಾರೆ, ದೊಡ್ಡವರು ಮಾತು ಬಿಡುತ್ತಾರೆ. ಐವತ್ತು ರೂಪಾಯಿ ಚೆಂಡಿಗೆ ಐದು ವರ್ಷದ ಮುನಿಸು! ಆಡುವ ಮಕ್ಕಳು ವಾರಕ್ಕೆ ಒಂದಿಷ್ಟು ಚಿಲ್ಲರೆ ಡಬ್ಬಿಗೆ ಹಾಕಲಿ. ಅದರ ಲೆಕ್ಕ ಮಕ್ಕಳೇ ಬರೆಯಲಿ, ಬೀಗದ ಕೈ ಕಾರ್ಯದರ್ಶಿಗಳ ಹತ್ತಿರ ಇರಲಿ. ಗಾಜು ಒಡೆದರೆ ಡಬ್ಬಿಯಿಂದ ಕೊಡಲಿ, ಚೆಂಡು ಆ ಕ್ಷಣ ವಾಪಸ್ ಬರಲಿ. ಒಬ್ಬನ ನಷ್ಟವನ್ನು ಎಲ್ಲರೂ ಚೂರು ಚೂರು ಹಂಚಿಕೊಳ್ಳುವುದು, ಲೆಕ್ಕವನ್ನು ಎಲ್ಲರ ಮುಂದೆ ಓದುವುದು, 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ ಕಾಲದಿಂದ ನಾವು ಮಾಡಿಕೊಂಡು ಬಂದದ್ದು ಇದನ್ನೇ ಅಲ್ಲವೇ? ಇವತ್ತು ಗಾಜಿನ ಡಬ್ಬಿಯ ಲೆಕ್ಕ ಬರೆದ ಹುಡುಗಿ ನಾಳೆ ಈ ಸಂಘದ ಅಧ್ಯಕ್ಷೆ ಆಗಬಹುದು.

ಮೂರನೆಯದು, ಸಂಘದ ಸಭಾಂಗಣ. ದೊಡ್ಡ ಮ್ಯಾಚಿನ ದಿನ ಬಾಗಿಲು ತೆರೆದು ಒಂದು ಪರದೆ ಹಾಕೋಣ. ಹಳೇ ಊರಿನವರು ಚಾಪೆ ತರಲಿ, ಲೇಔಟಿನವರು ಕುರ್ಚಿ ತರಲಿ, ಯಾರು ಯಾವುದರ ಮೇಲೆ ಬೇಕಾದರೂ ಕೂರಲಿ. ತಾಯಂದಿರು ಮುಂದಿನ ಸಾಲು. ಕಾಫಿ ಆ ದಿನ ಗಂಡಸರು ಮಾಡಲಿ, ಹಾಲಿಗಂತೂ ಇಲ್ಲಿ ಬರವಿಲ್ಲ. ಎಲ್ಲರೂ ಒಂದೇ ಪರದೆ ನೋಡಿದರೆ ಸಿಕ್ಸರ್ ಎಲ್ಲರಿಗೂ ಒಂದೇ ಹೊತ್ತಿಗೆ ಬರುತ್ತದೆ, ಆಗ ಯಾರ ಕೂಗೂ ಯಾರಿಗೂ ತೊಂದರೆ ಆಗುವುದಿಲ್ಲ.

ಕೊನೆಯದಾಗಿ ಒಂದು ಮಾತು. ಇದು ನಮ್ಮ ಬೆಳ್ಳಿಹಬ್ಬ. 1980ರ ಫೆಬ್ರವರಿಯಲ್ಲಿ ಭಾರತದ ಕ್ರಿಕೆಟ್ ಮಂಡಳಿಯ ಸುವರ್ಣ ಮಹೋತ್ಸವಕ್ಕೆ ಬೊಂಬಾಯಿಯಲ್ಲಿ ಇಂಗ್ಲೆಂಡ್ ಜೊತೆ ಟೆಸ್ಟ್ ನಡೆಯಿತು. ನಾಯಕರು ನಮ್ಮ ವಿಶ್ವನಾಥ್. ಇಂಗ್ಲೆಂಡಿನ ಐದು ವಿಕೆಟ್ ಬೇಗ ಹೋಗಿದ್ದವು. ಬಾಬ್ ಟೇಲರ್ ಔಟು ಅಂತ ಅಂಪೈರ್ ಬೆರಳು ಎತ್ತಿದರು. ಚೆಂಡು ಬ್ಯಾಟಿಗೆ ತಾಗಿಲ್ಲ ಅಂತ ಸ್ಲಿಪ್ಪಿನಲ್ಲಿದ್ದ ವಿಶ್ವನಾಥ್ ಅವರಿಗೆ ಅನ್ನಿಸಿತು. ಅವರು ಅಂಪೈರ್ ಜೊತೆ ಮಾತಾಡಿ ಟೇಲರನ್ನು ವಾಪಸ್ ಕರೆಸಿದರು. ಆ ಟೇಲರ್ ಮತ್ತು ಬೋಥಮ್ ಸೇರಿ 171 ರನ್ನು ಹೊಡೆದರು, ಭಾರತ ಹತ್ತು ವಿಕೆಟ್ಟಿನಿಂದ ಸೋತಿತು. ಹಬ್ಬದ ಪಂದ್ಯ ಸೋತರು. ಆದರೆ ನಲವತ್ತೈದು ವರ್ಷ ದಾಟಿದ ಮೇಲೂ ಆ ಪಂದ್ಯದಲ್ಲಿ ನಾವು ಇಷ್ಟಪಟ್ಟು ನೆನೆಯುವುದು ಭದ್ರಾವತಿಯ ಆ ಮನುಷ್ಯನನ್ನು. ಆಟದ ಲೆಕ್ಕ ಬೇರೆ, ಮನುಷ್ಯರ ಲೆಕ್ಕ ಬೇರೆ. ಲೆಕ್ಕಪತ್ರ ಓದುವ ಹಬ್ಬದ ದಿನ ಎರಡನೆಯದನ್ನೂ ನಾವು ಜ್ಞಾಪಿಸಿಕೊಳ್ಳಬೇಕು.

ಡೈರಿಯ ಹಿಂದಿನ ಬಯಲು ಉಳಿಯಲಿ. ಒಡೆದ ಗಾಜಿಗೆ ಡಬ್ಬಿ ಇರಲಿ, ಒಡೆದ ಮನಸ್ಸಿಗೆ ಸಭಾಂಗಣ ಇರಲಿ. ನಾಳೆ ಹಾಲಿನ ಸಾಲಿನಲ್ಲಿ ತಮ್ಮ ಪಕ್ಕ ಗುರುತಿಲ್ಲದ ಮುಖ ನಿಂತಿದ್ದರೆ, ಉತ್ತರ ತಮ್ಮ ಫೋನಿನಲ್ಲೇ ಇದ್ದರೂ ಸರಿ, ಒಂದು ಸಲ ಬಾಯಿಬಿಟ್ಟು ಕೇಳಿ, ಸ್ಕೋರ್ ಎಷ್ಟಾಯ್ತು ಅಂತ.

 ಸಂಘ ಸುವರ್ಣ ಮಹೋತ್ಸವವನ್ನೂ ಕಾಣಲಿ. ಆ ದಿನ ಇಲ್ಲಿ ನಿಂತು ಮಾತಾಡುವವರು ಈಗ ಹಿಂದಿನ ಸಾಲಿನಲ್ಲಿ ಗಲಾಟೆ ಮಾಡುತ್ತಿರುವ ಮಕ್ಕಳೇ ಆಗಲಿ.